ಐಸೊಲೇಷನ್ ಕೋಣೆಗೆ ಇಂಟರ್ನೆಟ್ ಮೂಲಕ ಓಡಿಸುವ ರೋಬೊ: ನರ್ಸ್ ಕೆಲಸದಲ್ಲಿ ಯಾವುದನ್ನು ಅದಕ್ಕೆ ಬಿಡಬಹುದು?

ವಾರ್ಡ್‌ಬಂಡಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಗಾಳಿಯಲ್ಲಿ ಹರಡುವ ಸೋಂಕಿನ ರೋಗಿಗಳಿರುವ ಕೋಣೆಗಳಿಗೆಂದು ಒಂದು ರೋಬೊ ತಯಾರಾಗುತ್ತಿದೆ. ನರ್ಸ್ ತಮ್ಮ ಜಾಗದಲ್ಲೇ ಕೂತು ಬ್ರೌಸರ್‌ನಿಂದ ಓಡಿಸಬೇಕು, ರೋಗಿಯ ಜೊತೆ ಮಾತಾಡಬೇಕು, ಇನ್‌ಫ್ಯೂಷನ್ ಪಂಪು (ಔಷಧಿಯನ್ನು ಗೊತ್ತಾದ ವೇಗದಲ್ಲಿ ರಕ್ತನಾಳಕ್ಕೆ ಹರಿಸುವ ಯಂತ್ರ) ಮತ್ತು ಮಾನಿಟರ್ ಓದಬೇಕು, ಸಣ್ಣಪುಟ್ಟ ಸಾಮಾನು ತಲುಪಿಸಬೇಕು. ಒಟ್ಟು ಆರು ಕೋಣೆ. ಪ್ರತಿಯೊಂದಕ್ಕೂ ಮುಂಗೋಣೆ ಇದೆ, ಒಳಗೆ ನೆಗೆಟಿವ್ ಪ್ರೆಷರ್ (ಒಳಗಿನ ಗಾಳಿ ಹೊರಗೆ ಸೋರದಂತೆ ಕಡಿಮೆ ಒತ್ತಡ).

ಸದ್ಯದ ವಿನ್ಯಾಸ: ಮೋಟರ್ ಇರುವ ಎರಡು ಗಾಲಿ, ಸುತ್ತ ತಿರುಗುವ ಎರಡು ಕ್ಯಾಸ್ಟರ್ (ಮೋಟರ್ ಇಲ್ಲದ ಆಸರೆ ಗಾಲಿ), ದುಂಡನೆಯ ತಳ, ಮಧ್ಯದಿಂದ ಕ್ಯಾಸ್ಟರ್ ನೆಲ ಮುಟ್ಟುವ ಜಾಗಕ್ಕೆ 22 ಸೆಂ.ಮೀ. ಒಟ್ಟು ತೂಕ 25 ಕೆ.ಜಿ., ಎತ್ತರ 1.4 ಮೀಟರ್. 20 ಸೆಂ.ಮೀ. ಎತ್ತರದಲ್ಲಿ ಲೈಡಾರ್ (ಲೇಸರ್‌ನಿಂದ ಸುತ್ತಲಿನ ದೂರ ಅಳೆಯುವ ಸಾಧನ), ತಲೆಯಲ್ಲಿ 90 ಡಿಗ್ರಿ ಅಗಲ ನೋಡುವ 720ಪಿ ಕ್ಯಾಮೆರಾ, ನಡುವೆ ಟ್ರೇ. ಬ್ಯಾಟರಿ 8 ಸೆಲ್‌ನ ಲಿಥಿಯಂ ಐರನ್ ಫಾಸ್ಫೇಟ್, 20 ಆಂಪಿಯರ್ ಅವರ್. ವಿಡಿಯೊಗೆ ವೆಬ್‌ಆರ್‌ಟಿಸಿ (ಬ್ರೌಸರಿನ ವಿಡಿಯೊ ಕರೆಯ ತಂತ್ರ), ಓಡಿಸುವ ಆಜ್ಞೆಗಳಿಗೆ ವೆಬ್‌ಸಾಕೆಟ್ (ಬ್ರೌಸರ್ ಸದಾ ತೆರೆದಿಡುವ ಸಂಪರ್ಕ).

ತಂಡದಲ್ಲಿ ವಾದ ಬಗೆಹರಿಯದ ನಾಲ್ಕು ವಿಷಯಗಳಿವೆ. ರೋಬೊಗೆ ಕೈ ಜೋಡಿಸಬೇಕೆ? ಓಡುತ್ತಿರುವಾಗ ನೆಟ್‌ವರ್ಕ್ ಕೈಕೊಟ್ಟರೆ ಏನು ಮಾಡಿಸಬೇಕು? ಆರು ಕೋಣೆಗೂ ಒಂದೇ ರೋಬೊ ಸಾಕೆ? ಬ್ಲೀಚ್ ಹಾಕಿ ಒರೆಸಿದರೂ ಬಾಳಿಕೆ ಬರುವಂತೆ ಹೇಗೆ ಮಾಡುವುದು? ಬಲ್ಲವರು ಅಂಕಿ ಸಮೇತ ಹೇಳಿದರೆ ಉಪಕಾರ.


ಮೂರನೇಪಾಳಿ:

ಕೈ ಬೇಕೆ ಅನ್ನುವುದಕ್ಕೆ ಮುಂಚೆ, ಆ ಕೋಣೆಯ ಬಾಗಿಲು ಒಂದು ಪಾಳಿಯಲ್ಲಿ ಎಷ್ಟು ಸಲ ತೆರೆಯುತ್ತದೆ, ಯಾತಕ್ಕೆ ತೆರೆಯುತ್ತದೆ ಅನ್ನುವುದನ್ನು ಮೂರು ದಿನ ಬರೆದಿಡಿ. ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದರೆ ಸಾಕು: ಸಮಯ, ಕಾರಣ, ಒಳಗಿದ್ದ ನಿಮಿಷ. ಕಾರಣಗಳು ಎರಡು ಗುಂಪಾಗುತ್ತವೆ. ರೋಗಿಯನ್ನು ಮಗ್ಗುಲು ಬದಲಿಸುವುದು, ಸಕ್ಷನ್, ರಕ್ತ ತೆಗೆಯುವುದು, ಬೆಡ್‌ಪ್ಯಾನ್, ಐವಿ ಲೈನ್ ಸರಿ ಮಾಡುವುದು, ಇವಕ್ಕೆಲ್ಲ ಮನುಷ್ಯರ ಕೈಯೇ ಬೇಕು. ಪಂಪು ಯಾಕೆ ಕೂಗುತ್ತಿದೆ, ಆಕ್ಸಿಜನ್ ಮಾಸ್ಕ್ ಜಾರಿದೆಯೇ, ಬಾಟಲಿಯಲ್ಲಿ ಇನ್ನೆಷ್ಟು ಉಳಿದಿದೆ, ಗಂಟೆ ಒತ್ತಿದ ರೋಗಿಗೆ ಏನು ಬೇಕಿತ್ತು, ಇವಕ್ಕೆ ಕಣ್ಣು ಕಿವಿ ಸಾಕು. ಆದರೆ ಪಿಪಿಇ ತೊಟ್ಟು ಕಳಚುವ ಕಷ್ಟ ಎರಡಕ್ಕೂ ಒಂದೇ. ರೋಬೊ ಉಳಿಸಬೇಕಾದ್ದು ಈ ಎರಡನೆಯ ಗುಂಪಿನ ಪ್ರವೇಶಗಳನ್ನು. ಒಳಗಿನದನ್ನು ಮೊದಲೇ ನೋಡಿಕೊಂಡರೆ ಇನ್ನೊಂದು ಲಾಭವೂ ಇದೆ. ಬೇಕಾದ ಸಾಮಾನೆಲ್ಲ ಒಂದೇ ಸಲಕ್ಕೆ ಕೈಯಲ್ಲಿ ಹಿಡಿದು ಹೋಗಬಹುದು, ಮರೆತ ಟೇಪಿಗೋಸ್ಕರ ಇನ್ನೊಬ್ಬರನ್ನು ಮುಂಗೋಣೆಗೆ ಕರೆಯಬೇಕಿಲ್ಲ.

ಕೈ ಇರುವ ರೋಬೊ ಮಾಡಿ ನೋಡಿದವರಿದ್ದಾರೆ. 2014ರ ಎಬೋಲಾ ಹಾವಳಿಯ ಬಳಿಕ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್‌ನವರೂ ನರ್ಸಿಂಗ್‌ನವರೂ ಸೇರಿ ಟ್ರೈನಾ ಎಂಬ ಎರಡು ಕೈಯ ರೋಬೊ ಕಟ್ಟಿದರು. ಲೋಟ, ಟ್ರೇ, ಉಪಕರಣ ಎತ್ತಿಕೊಡುವಂಥ ಕೆಲಸಗಳನ್ನು ಅದರಿಂದ ಮಾಡಿಸಿದರು. ಕೆಲಸ ಆಯಿತು, ಆದರೆ ನರ್ಸ್ ಮಾಡುವುದಕ್ಕೆ ಹೋಲಿಸಿದರೆ ಆಮೆ ನಡಿಗೆ. 2020ರ ಜನವರಿಯಲ್ಲಿ ಅಮೆರಿಕದ ಎವರೆಟ್‌ನಲ್ಲಿ ಆ ದೇಶದ ಮೊದಲ ಕೋವಿಡ್ ರೋಗಿಯ ಆರೈಕೆಗೆ ಬಂದದ್ದು ಪರದೆ, ಕ್ಯಾಮೆರಾ, ಸ್ಟೆತಸ್ಕೋಪ್ ಇದ್ದ ಬಂಡಿ. ಅದೇ ವರ್ಷ ಇಟಲಿಯ ವಾರೇಸೆಯ ಆಸ್ಪತ್ರೆಯಲ್ಲಿ ಟಾಮಿ ಮತ್ತು ಅದರ ಜೊತೆಗಾರ ರೋಬೊಗಳು ಹಾಸಿಗೆ ಪಕ್ಕ ನಿಂತು ಉಪಕರಣಗಳ ಅಂಕಿಯನ್ನು ಹೊರಗಿದ್ದ ಸಿಬ್ಬಂದಿಗೆ ಕಾಣಿಸುತ್ತಿದ್ದವು. ತುರ್ತು ಬಂದಾಗ ವಾರ್ಡಿಗೆ ಇಳಿದವು ನೋಡುವ, ಮಾತಾಡಿಸುವ ಬಂಡಿಗಳೇ. ಮೊದಲ ಮಾದರಿಯಲ್ಲಿ ಕೈ ಕೈಬಿಡಿ. ಕೈಗೆ ಹೋಗುವ ತೂಕವನ್ನೂ ಸಮಯವನ್ನೂ ಒಳ್ಳೆ ಕಣ್ಣಿಗೆ ಹಾಕಿ.

ಯಾಕೆಂದರೆ ನಿಮ್ಮ ಕ್ಯಾಮೆರಾದಲ್ಲಿ ಪಂಪಿನ ಅಂಕಿ ಕಾಣುವುದಿಲ್ಲ. ಲೆಕ್ಕ ನೋಡಿ: 90 ಡಿಗ್ರಿ ಲೆನ್ಸ್, 2 ಮೀಟರ್ ದೂರ ಅಂದರೆ ಚಿತ್ರದ ಅಗಲ 4 ಮೀಟರ್. 4 ಮೀಟರನ್ನು 1280 ಪಿಕ್ಸೆಲ್‌ಗೆ ಹಂಚಿದರೆ ಒಂದು ಪಿಕ್ಸೆಲ್‌ಗೆ 3 ಮಿ.ಮೀ.ಗಿಂತ ಹೆಚ್ಚು. ಪಂಪಿನ ಮೇಲಿನ 8 ಮಿ.ಮೀ. ಎತ್ತರದ ಅಂಕಿಗೆ ಸಿಗುವುದು ಎರಡೂವರೆ ಪಿಕ್ಸೆಲ್. ಸಂಶಯವಿಲ್ಲದೆ ಓದಲು 15–20 ಬೇಕು. 4ಕೆ ಹಾಕಿದರೂ ಎಂಟರ ಆಸುಪಾಸು, ಅದನ್ನೂ ವಿಡಿಯೊ ಕಂಪ್ರೆಷನ್ ತಿನ್ನುತ್ತದೆ. 10 ಪಟ್ಟಿನ ಆಪ್ಟಿಕಲ್ ಜೂಮ್ ಇರುವ, ಕತ್ತು ತಿರುಗಿಸುವ ಕ್ಯಾಮೆರಾ ಹಾಕಿದರೆ ಅದೇ ಅಂಕಿಗೆ 25 ಪಿಕ್ಸೆಲ್ ಸಿಗುತ್ತದೆ. 1.0ಕ್ಕೂ 10ಕ್ಕೂ ನಡುವೆ ಇರುವುದು ಒಂದು ಚುಕ್ಕಿ ಮಾತ್ರ, ಆ ಚುಕ್ಕಿ ಕಾಣದ ಕ್ಯಾಮೆರಾ ಇದ್ದೂ ಇಲ್ಲದಂತೆ. ಓಡಿಸುವುದಕ್ಕೆ ಅಗಲ ಕ್ಯಾಮೆರಾ ಬೇರೆಯೇ ಇರಲಿ.

ಜೂಮ್ ಕ್ಯಾಮೆರಾದಲ್ಲಿ ಎರಡು ಮೋಸ. ರಾತ್ರಿ ದೀಪ ಆರಿಸಿದ ಕೋಣೆಯಲ್ಲಿ ಆಟೋ ಎಕ್ಸ್‌ಪೋಷರ್ ಕತ್ತಲೆಗೆ ಹೊಂದಿಕೊಂಡು ಪಂಪಿನ ಪರದೆ ಬರೀ ಬಿಳಿ ಚೌಕವಾಗಿಬಿಡುತ್ತದೆ. ಚಿತ್ರದಲ್ಲಿ ಮುಟ್ಟಿದ ಜಾಗಕ್ಕೆ ಬೆಳಕು ಅಳೆಯುವ ಸೌಲಭ್ಯ ಬೇಕೇ ಬೇಕು. ಇನ್ನು, ಗಾಜಿನ ಹೊಳಪು ಕಡಿಮೆ ಮಾಡಲು ಪೋಲರೈಸಿಂಗ್ ಫಿಲ್ಟರ್ ಹಾಕೋಣ ಎಂದು ಯಾರಾದರೂ ಹೇಳುತ್ತಾರೆ. ಎಲ್‌ಸಿಡಿ ಪರದೆಯ ಬೆಳಕೇ ಪೋಲರೈಸ್ ಆಗಿರುವುದರಿಂದ ಕೋನ ಅಡ್ಡ ಬಿದ್ದರೆ ಪರದೆ ಪೂರ್ತಿ ಕಪ್ಪು. ಪಂಪು ಆಫ್ ಆಗಿದೆ ಎಂದು ನರ್ಸ್ ಓಡುತ್ತಾರೆ.

ಪಂಪನ್ನೇ ಕೋಣೆಯಾಚೆ ಇಟ್ಟರೆ ಆಗದೇ ಎಂದು ಕೇಳುವವರೂ ಇರುತ್ತಾರೆ. 2020ರಲ್ಲಿ ಹಲವು ಕಡೆ ಉದ್ದ ಕೊಳವೆ ಹಾಕಿ ಹಾಗೆ ಮಾಡಿದ್ದರು. ಒಳವ್ಯಾಸ 1 ಮಿ.ಮೀ. ಇರುವ 3 ಮೀಟರ್ ಕೊಳವೆಯಲ್ಲಿ ಸುಮಾರು 2.4 ಮಿ.ಲೀ. ದ್ರವ ನಿಲ್ಲುತ್ತದೆ. ಗಂಟೆಗೆ 2 ಮಿ.ಲೀ. ಹೋಗುವ ಔಷಧಿಯ ಸಾಂದ್ರತೆ ಬದಲಿಸಿದರೆ ಹಳೆಯದು ಖಾಲಿಯಾಗಿ ಹೊಸದು ರೋಗಿಯನ್ನು ಮುಟ್ಟಲು 70 ನಿಮಿಷ ಬೇಕು. ಅವಸರಪಟ್ಟು ಫ್ಲಷ್ ಮಾಡಿದರೆ ಅಷ್ಟೂ ಒಂದೇ ಏಟಿಗೆ ರಕ್ತಕ್ಕೆ. ಕೊಳವೆ ಎಲ್ಲೋ ಮಡಚಿಕೊಂಡರೆ ಅಲಾರಂ ಬರುವುದೂ ತಡ. ಮಾಡಬಾರದೆಂದಲ್ಲ, ಆದರೆ ಅದು ವೈದ್ಯರೂ ಫಾರ್ಮಸಿಯವರೂ ಕೂತು ಔಷಧಿಯಿಂದ ಔಷಧಿಗೆ ತೀರ್ಮಾನಿಸಬೇಕಾದ ಮಾತು.

ಮಾತಿನ ವಿಷಯಕ್ಕೆ ಬಂದರೆ, ಮಲಗಿದ ರೋಗಿಗೆ 1.4 ಮೀಟರ್ ಎತ್ತರದ ಪರದೆಯಲ್ಲಿ ಕಾಣುವುದು ದೀಪದ ಪ್ರತಿಬಿಂಬ. ಪರದೆ ಮುಂದಕ್ಕೆ ಬಾಗಬೇಕು, ಇಲ್ಲವೇ ಇಡೀ ಕಂಬ ಒಂದು ಮೀಟರ್‌ಗೆ ಇಳಿಯಬೇಕು. ಆಕ್ಸಿಜನ್ ಮಾಸ್ಕಿನೊಳಗಿನ ದನಿ ಮೊದಲೇ ಕ್ಷೀಣ, ಮೇಲೆ ಗಾಳಿ ಸೋಸುವ ಹೆಪಾ ಫ್ಯಾನಿನ ಭೋರ್ಗರೆತ. ಎಲ್ಲ ದಿಕ್ಕಿನಿಂದ ಕೇಳಿಸಿಕೊಳ್ಳುವ ಮೈಕ್ ಫ್ಯಾನನ್ನೇ ಕೇಳಿಸುತ್ತದೆ. ಪರದೆಯ ಜೊತೆಗೇ ತಿರುಗುವ, ಒಂದೇ ದಿಕ್ಕಿನ ಮೈಕ್ ಹಾಕಿ. ಎಕೋ ಕ್ಯಾನ್ಸಲೇಷನ್ ಅತಿಯಾದರೆ ಇಬ್ಬರೂ ಒಟ್ಟಿಗೆ ಮಾತಾಡಿದಾಗ ರೋಗಿಯ ದನಿ ನುಂಗಿಹೋಗುತ್ತದೆ. ಅಂಥ ಹೊತ್ತಿಗೆ, ಒತ್ತಿ ಹಿಡಿದರೆ ಮಾತ್ರ ನರ್ಸ್ ದನಿ ಹೋಗುವ ಗುಂಡಿಯೊಂದಿರಲಿ.


ಪಿಂಗ್‌ಪುರಾಣ:

ನೆಟ್‌ವರ್ಕ್ ಬಗ್ಗೆ ನಾನು ಹೇಳುತ್ತೇನೆ. ಮೊದಲು ಆ ವೆಬ್‌ಸಾಕೆಟ್ ಕಿತ್ತುಹಾಕಿ. ಅದು ಟಿಸಿಪಿ ಮೇಲೆ, ಅಂದರೆ ಎಲ್ಲವನ್ನೂ ಕ್ರಮವಾಗಿಯೇ ತಲುಪಿಸುವ ಪದ್ಧತಿಯ ಮೇಲೆ ಓಡುತ್ತದೆ. ಒಂದು ಪ್ಯಾಕೆಟ್ ಕಳೆದರೆ ಅದರ ಹಿಂದೆ ಬಂದವೆಲ್ಲ ಸಾಲುಗಟ್ಟಿ ಕಾಯುತ್ತವೆ, ಸಂಪರ್ಕ ಮರಳಿದ ಕೂಡಲೇ ಒಟ್ಟಿಗೇ ನುಗ್ಗುತ್ತವೆ. ಎರಡು ಸೆಕೆಂಡ್ ಹಿಂದಿನ ‘ಮುಂದೆ ಹೋಗು’ ಅನ್ನುವ ಆಜ್ಞೆಯನ್ನು ರೋಬೊ ಈಗ ನಿಷ್ಠೆಯಿಂದ ಪಾಲಿಸುತ್ತದೆ. ವೆಬ್‌ಆರ್‌ಟಿಸಿ ಹೇಗೂ ಇದೆ. ಅದರ ಡೇಟಾ ಚಾನೆಲನ್ನೇ ಕ್ರಮದ ಹಂಗಿಲ್ಲದೆ, ಮರುರವಾನೆ ಸೊನ್ನೆ ಎಂದಿಟ್ಟು ತೆರೆಯಿರಿ. ಪ್ರತಿ ಆಜ್ಞೆಗೂ ಕ್ರಮಸಂಖ್ಯೆ ಕೊಡಿ, ಹಿಂದಿನದು ತಡವಾಗಿ ಬಂದರೆ ರೋಬೊ ಎಸೆಯಲಿ.

ಆಜ್ಞೆ ಸೆಕೆಂಡಿಗೆ 20 ಸಲ ಹೋಗಲಿ. 300 ಮಿಲಿಸೆಕೆಂಡ್ ಏನೂ ಬರದಿದ್ದರೆ ರೋಬೊ ತಾನಾಗಿ ನಿಲ್ಲಬೇಕು. ಈ ತೀರ್ಮಾನ ಮೋಟರ್ ಕಂಟ್ರೋಲರ್‌ನಲ್ಲಿ ಇರಬೇಕು, ಲಿನಕ್ಸ್ ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಅದು ಹ್ಯಾಂಗ್ ಆದ ದಿನ ಗಾಲಿ ನಿಲ್ಲುವುದಿಲ್ಲ. ಆರ್‌ಒಎಸ್ 2 ಎಂಬ ರೋಬೊ ತಂತ್ರಾಂಶದ ಡಿಫ್ ಡ್ರೈವ್ ಕಂಟ್ರೋಲರ್‌ನಲ್ಲಿ (ಎರಡು ಗಾಲಿ ಓಡಿಸುವ ಭಾಗ) ಈ ಕಾಲಮಿತಿ ಅರ್ಧ ಸೆಕೆಂಡ್ ಎಂದು ಬಂದಿರುತ್ತದೆ, ಕಡಿಮೆ ಮಾಡಿಕೊಳ್ಳಿ. ವೇಗದ ಲೆಕ್ಕವನ್ನೂ ಹಾಕಿ. ಸೆಕೆಂಡಿಗೆ 0.5 ಮೀಟರ್ ಓಡುವಾಗ ಆ 300 ಮಿಲಿಸೆಕೆಂಡ್‌ನಲ್ಲಿ 15 ಸೆಂ.ಮೀ. ಕುರುಡು ಓಟ, ಆಮೇಲೆ 0.5 ಮೀಟರ್/ಸೆಕೆಂಡ್² ದರದಲ್ಲಿ ಬ್ರೇಕ್ ಹಿಡಿದರೆ ಇನ್ನೂ 25, ಒಟ್ಟು 40 ಸೆಂ.ಮೀ. ವೇಗ ಅರ್ಧಕ್ಕಿಳಿಸಿದರೆ ಏಳೂವರೆ ಜೊತೆಗೆ ಆರೂಕಾಲು, 14 ಸೆಂ.ಮೀ. ಒಳಗೇ ಮುಗಿಯಿತು. ಕೋಣೆಯೊಳಗೆ 0.25ಕ್ಕಿಂತ ಹೆಚ್ಚು ಬೇಡ. ಕಾರಿಡಾರಿನಲ್ಲಿ ಬೇಕಿದ್ದರೆ 0.6 ಕೊಡಿ.

ಆಜ್ಞೆ ಎಷ್ಟು ಹಳೆಯದು ಎಂದು ತಿಳಿಯಲು ಬ್ರೌಸರಿನ ಗಡಿಯಾರ ನಂಬಬೇಡಿ. ಎರಡು ಕಂಪ್ಯೂಟರುಗಳ ಸಮಯ ಹೊಂದಿಕೆಯಾಗಿರುತ್ತದೆ ಅನ್ನುವ ಭರವಸೆ ಇಲ್ಲ. ರೋಬೊ 100 ಮಿಲಿಸೆಕೆಂಡಿಗೊಮ್ಮೆ ಒಂದು ಸಂಖ್ಯೆ ಕಳಿಸಲಿ, ಬ್ರೌಸರ್ ತನಗೆ ಕೊನೆಯದಾಗಿ ಬಂದ ಸಂಖ್ಯೆಯನ್ನು ಪ್ರತಿ ಆಜ್ಞೆಯ ಜೊತೆ ವಾಪಸ್ ಕಳಿಸಲಿ. ಆ ಸಂಖ್ಯೆ ಹೊರಟದ್ದು ಯಾವಾಗ ಎಂದು ರೋಬೊಗೆ ತನ್ನ ಗಡಿಯಾರದಲ್ಲೇ ಗೊತ್ತಿರುತ್ತದೆ, ಅಷ್ಟು ಸಾಕು.

ಇನ್ನೂ ಅಪಾಯದ್ದು, ಚಿತ್ರ ಹೆಪ್ಪುಗಟ್ಟಿ ಆಜ್ಞೆಗಳು ಮಾತ್ರ ಹೋಗುತ್ತಿರುವ ಸ್ಥಿತಿ. ನರ್ಸ್‌ಗೆ ರೋಬೊ ನಿಂತಂತೆ ಕಾಣುತ್ತದೆ, ಇನ್ನಷ್ಟು ಒತ್ತುತ್ತಾರೆ, ಅಲ್ಲಿ ಅದು ಓಡುತ್ತಲೇ ಇರುತ್ತದೆ. ಬ್ರೌಸರಿನ ರಿಕ್ವೆಸ್ಟ್‌ವಿಡಿಯೊಫ್ರೇಮ್‌ಕಾಲ್‌ಬ್ಯಾಕ್ (ಹೊಸ ಫ್ರೇಮ್ ಬಂದಾಗ ತಿಳಿಸುವ ಸೌಲಭ್ಯ) ಬಳಸಿ, ಹೊಸ ಫ್ರೇಮ್ ಬಂದು 300 ಮಿಲಿಸೆಕೆಂಡ್ ದಾಟಿದರೆ ಜಾಯ್‌ಸ್ಟಿಕ್ ನಿಷ್ಕ್ರಿಯ ಮಾಡಿ, ಚಿತ್ರವನ್ನು ಬೂದು ಬಣ್ಣಕ್ಕೆ ತಿರುಗಿಸಿ. ಕೀಬೋರ್ಡ್‌ನಿಂದ ಓಡಿಸುವುದಾದರೆ ಒಂದು ಹಳೇ ಕಾಟ ಇದೆ: ಬಾಣದ ಕೀ ಒತ್ತಿ ಹಿಡಿದಾಗ ಇನ್ನೊಂದು ವಿಂಡೋ ಎದ್ದು ಬಂದರೆ, ಕೀ ಬಿಟ್ಟ ಸುದ್ದಿ ನಿಮ್ಮ ಪುಟಕ್ಕೆ ತಲುಪುವುದೇ ಇಲ್ಲ. ಪುಟದಿಂದ ಫೋಕಸ್ ತಪ್ಪಿದ ಕ್ಷಣವೇ ವೇಗ ಸೊನ್ನೆ ಮಾಡಿ.

ಕ್ಯಾಮೆರಾದಿಂದ ನರ್ಸ್ ಪರದೆವರೆಗಿನ ತಡ 150 ಮಿಲಿಸೆಕೆಂಡ್ ಒಳಗಿದ್ದರೆ ಓಡಿಸುವುದು ಸಲೀಸು. 300ಕ್ಕೆ ಹೋದರೆ ಜನ ತಾವಾಗಿಯೇ ಸ್ವಲ್ಪ ಸರಿಸಿ, ಕಾದು, ಮತ್ತೆ ಸರಿಸುವ ಅಭ್ಯಾಸಕ್ಕೆ ಬೀಳುತ್ತಾರೆ. 500 ದಾಟಿದರೆ ಕೈಯಿಂದ ಓಡಿಸುವುದನ್ನೇ ಬಂದ್ ಮಾಡಿ, ನೆಲದ ಮೇಲೆ ಒಂದು ಜಾಗ ಕ್ಲಿಕ್ ಮಾಡಿದರೆ ರೋಬೊ ತಾನೇ ಅಲ್ಲಿಗೆ ಹೋಗುವ ಕ್ರಮಕ್ಕೆ ಬದಲಿಸಿ. ತಡ ಕಡಿಮೆ ಮಾಡಲು ಎಚ್.264 ವಿಡಿಯೊ ಕಂಪ್ರೆಷನ್‌ನಲ್ಲಿ ಬಿ-ಫ್ರೇಮ್ (ಮುಂದಿನ ಫ್ರೇಮಿಗೆ ಕಾಯಿಸುವ ಫ್ರೇಮ್) ತೆಗೆಯಿರಿ. ಓಡಿಸುವ ಕ್ಯಾಮೆರಾಗೆ 720ಪಿ, 30 ಫ್ರೇಮ್, ಒಂದೂವರೆಯಿಂದ ಎರಡು ಮೆಗಾಬಿಟ್ ಧಾರಾಳ. ನೆಟ್ ಸೊರಗಿದಾಗ ಚಿತ್ರದ ಗಾತ್ರ ಕುಗ್ಗಲಿ, ಫ್ರೇಮಿನ ಸಂಖ್ಯೆ ಕುಗ್ಗಬಾರದು. ಪಂಪು ಓದುವ ಕ್ಯಾಮೆರಾಗೆ ಇದರ ತದ್ವಿರುದ್ಧ: ಸೆಕೆಂಡಿಗೆ 5 ಫ್ರೇಮ್ ಬಂದರೂ ಚಿಂತೆಯಿಲ್ಲ, ಅಂಕಿ ಮಸುಕಾಗಬಾರದು.

ವೈಫೈನಲ್ಲಿ ಮುರಿದುಬೀಳುವುದು ಹೆಚ್ಚಾಗಿ ಒಂದು ಆಕ್ಸೆಸ್ ಪಾಯಿಂಟಿನಿಂದ (ಸಿಗ್ನಲ್ ಕೊಡುವ ಪೆಟ್ಟಿಗೆ) ಇನ್ನೊಂದಕ್ಕೆ ದಾಟುವಾಗ. 802.1ಎಕ್ಸ್ ದೃಢೀಕರಣ ಇರುವ ಜಾಲದಲ್ಲಿ ಪ್ರತಿ ದಾಟಿಗೂ ಪೂರ್ತಿ ಲಾಗಿನ್ ನಡೆದರೆ ನೂರಾರು ಮಿಲಿಸೆಕೆಂಡ್, ಕೆಲವೊಮ್ಮೆ ಸೆಕೆಂಡುಗಟ್ಟಲೆ ಹೋಗುತ್ತದೆ. ಈ ದಾಟುವಿಕೆಯನ್ನು ಚುರುಕು ಮಾಡುವ 802.11ಆರ್ ಎರಡೂ ಕಡೆ ಆನ್ ಇರಲಿ. ರೋಬೊ ಹೋಗುವ ಮೂಲೆಮೂಲೆಯಲ್ಲೂ ಸಿಗ್ನಲ್ ಮೈನಸ್ 67 ಡಿಬಿಎಂಗಿಂತ ಕೆಳಗಿಳಿಯಬಾರದು. ಅಳೆಯುವಾಗ ಬಾಗಿಲು ಮುಚ್ಚಿರಲಿ, ರೋಬೊ ಹಾಸಿಗೆಯ ಆಚೆ ಮಗ್ಗುಲಲ್ಲಿರಲಿ. ಆಂಟೆನಾ ಕಂಬದ ತುದಿಯಲ್ಲಿರಬೇಕು, ಉಕ್ಕಿನ ತಳದೊಳಗಲ್ಲ. ವೈಫೈ ಪವರ್ ಸೇವ್ ಆಫ್ ಮಾಡಿ, ಇಲ್ಲದಿದ್ದರೆ ಬೀಕನ್‌ಗೆ ಕಾಯುತ್ತಾ 100 ಮಿಲಿಸೆಕೆಂಡ್ ಸುಮ್ಮನೆ ಪೋಲು. ರಡಾರ್ ಜೊತೆ ಹಂಚಿಕೊಳ್ಳುವ ಡಿಎಫ್‌ಎಸ್ ಚಾನೆಲ್‌ಗಳು ಬೇಡ. ಅಲ್ಲಿ ರಡಾರ್ ಸುಳಿವು ಸಿಕ್ಕರೆ ಆಕ್ಸೆಸ್ ಪಾಯಿಂಟ್ 10 ಸೆಕೆಂಡಿನೊಳಗೆ ಚಾನೆಲ್ ಖಾಲಿ ಮಾಡಬೇಕು, ನಿಮ್ಮ ರೋಬೊ ಎಲ್ಲಿದೆ ಎಂದು ಅದು ಕೇಳುವುದಿಲ್ಲ.

ಆಸ್ಪತ್ರೆಯ ಫೈರ್‌ವಾಲ್ ಯುಡಿಪಿ (ಸಾಲಿಗೆ ಕಾಯಿಸದೆ ಕಳಿಸುವ ಪದ್ಧತಿ) ತಡೆದರೆ ವೆಬ್‌ಆರ್‌ಟಿಸಿ ಸದ್ದಿಲ್ಲದೆ ಪೋರ್ಟ್ 443ರ ಟಿಎಲ್‌ಎಸ್ ಮೇಲೆ ಟರ್ನ್ ಸರ್ವರ್ (ನಡುವೆ ನಿಂತು ದಾಟಿಸುವ ಸರ್ವರ್) ಮೂಲಕ ಹೋಗುತ್ತದೆ. ಎಲ್ಲ ಚೆನ್ನಾಗಿ ಕಾಣುತ್ತದೆ, ಆದರೆ ಮತ್ತೆ ಟಿಸಿಪಿಯ ಅದೇ ಸಾಲು. ಯಾವ ದಾರಿ ಹಿಡಿದಿದೆ ಎಂದು ಪರದೆ ಮೂಲೆಯಲ್ಲಿ ತೋರಿಸಿ. ಕೋಟರ್ನ್ ಎಂಬ ಟರ್ನ್ ಸರ್ವರನ್ನು ಆಸ್ಪತ್ರೆಯ ಜಾಲದೊಳಗೇ ಕೂರಿಸಿ ಪೋರ್ಟ್ 3478 ಯುಡಿಪಿ ತೆರೆಸಿಕೊಂಡರೆ ಈ ತಾಪತ್ರಯವೇ ಇಲ್ಲ. ನರ್ಸ್ ಸ್ಟೇಷನ್ ಅದೇ ಕಟ್ಟಡದಲ್ಲಿದ್ದರೆ ಹೊರಗಿನ ಇಂಟರ್ನೆಟ್ ಕಡಿದುಹೋದರೂ ಕೆಲಸ ನಿಲ್ಲುವುದಿಲ್ಲ. ಮನೆಯಲ್ಲಿರುವ ತಜ್ಞರಿಗೆ ನೋಡಲು ಕೊಡಿ, ಓಡಿಸಲು ಬೇಡ.


ನಟ್ಟುಬೋಲ್ಟು:

25 ಕೆ.ಜಿ. ಸಾಲದು. ಸುಸ್ತಾದ ರೋಗಿ ಎದ್ದು ನಿಂತವರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ, ಪಕ್ಕದಲ್ಲಿ ನಿಂತ ಕಂಬ ಅವರಿಗೆ ಊರುಗೋಲಿನಂತೆ ಕಾಣುತ್ತದೆ. 1.2 ಮೀಟರ್ ಎತ್ತರದಲ್ಲಿ 50 ನ್ಯೂಟನ್, ಅಂದರೆ 5 ಕೆ.ಜಿ. ಎಳೆದಷ್ಟು ಬಲ ಬಿದ್ದರೆ ಉರುಳಿಸುವ ತಿರುಚು 60 ನ್ಯೂಟನ್ ಮೀಟರ್. ನಿಮ್ಮ ರೋಬೊ ತಡೆಯುವುದು 25 × 9.81 × 0.22, ಸುಮಾರು 54. ಬೀಳುತ್ತದೆ. 35 ಕೆ.ಜಿ. ಮಾಡಿದರೆ 75. ಆ ಹತ್ತು ಕೆ.ಜಿ.ಯನ್ನು ಉಕ್ಕಿನ ತಟ್ಟೆಯಾಗಿ ನೆಲಕ್ಕೆ ಅಂಟಿದಂತೆ ಕೂರಿಸಿ, ಬ್ಯಾಟರಿಯೂ ಅಲ್ಲೇ. ಎರಡೇ ಕ್ಯಾಸ್ಟರ್ ಇದ್ದರೆ 22 ಸೆಂ.ಮೀ. ಸಿಗುವುದು ಹಿಂದೆ ಮುಂದೆ ಮಾತ್ರ, ಓರೆಯಾಗಿ ಎಳೆದರೆ ಅಷ್ಟಿರುವುದಿಲ್ಲ. ನಾಲ್ಕು ಹಾಕಿ.

ಬೀಳದಿದ್ದರೆ ಸಾಲದು, ಜಾರಲೂಬಾರದು. ಕರೆಂಟ್ ಹೋದರೆ ತಾನಾಗಿ ಹಿಡಿಯುವ ಬ್ರೇಕ್ ಬೇಕು. ಆದರೆ ಹಾಗೆ ಬ್ರೇಕ್ ಕಚ್ಚಿದ ರೋಬೊ ಹಾಸಿಗೆಗೂ ಬಾಗಿಲಿಗೂ ನಡುವೆ ಸತ್ತು ನಿಂತರೆ ಕ್ರ್ಯಾಶ್ ಕಾರ್ಟ್ (ತುರ್ತು ಚಿಕಿತ್ಸೆಯ ಸಾಮಾನಿನ ಬಂಡಿ) ಒಳಗೆ ಬರುವುದು ಹೇಗೆ? ಆದ್ದರಿಂದ ಕಾಲಲ್ಲಿ ತುಳಿದರೆ ಬ್ರೇಕ್ ಬಿಡುವ, ಮೆಕ್ಯಾನಿಕಲ್ ಪೆಡಲ್ ಒಂದು ಕಡ್ಡಾಯ. ಬೂಟುಕವರ್ ಹಾಕಿದ ಕಾಲಿಗೆ ಸಿಗುವಷ್ಟು ಅಗಲವಿರಲಿ, ಬಣ್ಣ ಎದ್ದು ಕಾಣಲಿ. ಸಂಪರ್ಕ ತಪ್ಪಿದರೆ ಏನು ಮಾಡಿಸಬೇಕು ಎಂಬ ನಿಮ್ಮ ಪ್ರಶ್ನೆಗೂ ಇದೇ ಸೇರುತ್ತದೆ: ಮೊದಲು ನಿಲ್ಲಲಿ. ಒಂದು ನಿಮಿಷ ಕಳೆದರೂ ಸಂಪರ್ಕ ಬಾರದಿದ್ದರೆ, ದಾರಿ ತೆರವಿದ್ದರೆ ಮಾತ್ರ, ಬೀಪ್ ಮಾಡುತ್ತಾ ನಿಧಾನಕ್ಕೆ ತನ್ನ ಡಾಕ್‌ಗೆ (ಚಾರ್ಜ್ ಆಗುವ ತಾಣ) ಮರಳಲಿ. ದಾರಿಯಲ್ಲಿ ಏನಾದರೂ ಅಡ್ಡ ಕಂಡರೆ ಅಲ್ಲೇ ಇರಲಿ.

ತುರ್ತು ನಿಲುಗಡೆಯ ಕೆಂಪು ಗುಂಡಿ ಮೋಟರಿನ ಕರೆಂಟ್ ಮಾತ್ರ ಕಡಿಯಬೇಕು. ಕ್ಯಾಮೆರಾ, ಮೈಕ್ ಉಳಿಯಬೇಕು. ಎಷ್ಟೋ ವಿನ್ಯಾಸಗಳಲ್ಲಿ ಎಲ್ಲವೂ ಒಟ್ಟಿಗೆ ಆರಿ, ಒಳಗೆ ಏನಾಯಿತೆಂದು ನೋಡಲು ಮನುಷ್ಯರೇ ಹೋಗಬೇಕಾಗುತ್ತದೆ. ಅಲ್ಲಿಗೆ ರೋಬೊ ಇಟ್ಟ ಪುಣ್ಯವೂ ಕಳೆಯಿತು.

ಈಗ ಲೈಡಾರ್. 20 ಸೆಂ.ಮೀ. ಎತ್ತರದಲ್ಲಿ ಅದು ನೋಡುವುದು ಒಂದು ತೆಳು ಪದರ ಮಾತ್ರ. ಐವಿ ಸ್ಟ್ಯಾಂಡಿನ ಕಾಲನ್ನು ಬಗ್ಗಿ ನೋಡಿ: ಐದು ದಳದ ನಕ್ಷತ್ರದಂತೆ ನೆಲಕ್ಕೆ ಹತ್ತಿರ ಚಾಚಿಕೊಂಡಿರುತ್ತದೆ, ದಳದ ತುದಿಯಲ್ಲಿ ಪುಟ್ಟ ಗಾಲಿ. ಲೈಡಾರಿಗೆ ಕಾಣುವುದು ನಡುವಿನ ಎರಡೂವರೆ ಸೆಂ.ಮೀ. ದಪ್ಪದ ಕೋಲು. ಅದು ಇನ್ನೂ 30 ಸೆಂ.ಮೀ. ದೂರವಿದೆ ಎಂದುಕೊಂಡು ಮುಂದೆ ಹೋಗುತ್ತದೆ, ಅಷ್ಟರಲ್ಲಿ ತಳ ದಳವನ್ನು ಎತ್ತಿ ಸ್ಟ್ಯಾಂಡ್ ವಾಲುತ್ತದೆ, ಸ್ಟ್ಯಾಂಡಿನಲ್ಲಿ ಪಂಪು, ಪಂಪಿನ ಕೊಳವೆಯ ಇನ್ನೊಂದು ತುದಿ ರೋಗಿಯ ಕುತ್ತಿಗೆಯಲ್ಲಿ. ಹಾಸಿಗೆ ಬದಿಯಲ್ಲಿ ಜೋತುಬಿದ್ದ ಮೂತ್ರದ ಚೀಲ, ಅದರ ಕುಣಿಕೆಯಂಥ ಕೊಳವೆ, ನೆಲದ ಮೇಲಿನ ವೈರು, ಇವೂ ಹಾಗೆಯೇ. ಢಿಕ್ಕಿಗಿಂತ ಸಿಕ್ಕಿಕೊಂಡು ಎಳೆಯುವುದೇ ಇಲ್ಲಿ ದೊಡ್ಡ ಅಪಾಯ. ಪರಿಹಾರ ಮೂರು ಪದರದ್ದು. ಎದೆಮಟ್ಟದಿಂದ 35 ಡಿಗ್ರಿ ಕೆಳಗೆ ನೋಡುವ, ದೂರವನ್ನೂ ಅಳೆಯುವ ಡೆಪ್ತ್ ಕ್ಯಾಮೆರಾ. ನೆಲದಿಂದ 4 ಸೆಂ.ಮೀ. ಎತ್ತರದಲ್ಲಿ ಸುತ್ತಲೂ ಮುಟ್ಟಿದರೆ ನಿಲ್ಲಿಸುವ ಬಂಪರ್. ಹಾಸಿಗೆಯ ಡ್ರಿಪ್ ಇರುವ ಮಗ್ಗುಲಿಗೆ ಅರ್ಧ ಮೀಟರ್ ನಿಷೇಧ ವಲಯ. ಡ್ರಿಪ್ ಮಗ್ಗುಲು ಬದಲಾದಾಗ ನರ್ಸ್ ಎರಡೇ ಕ್ಲಿಕ್‌ನಲ್ಲಿ ಆ ವಲಯವನ್ನು ಆಚೆಗೆ ಹಾಕುವಂತಿರಬೇಕು. ಮೆನುವಿನ ಐದನೇ ಪುಟದಲ್ಲಿಟ್ಟರೆ ಯಾರೂ ಮಾಡುವುದಿಲ್ಲ. ತಳದ ಸುತ್ತ ಲಂಗದ ಹಾಗೆ ಮುಚ್ಚಿ, ಗಾಲಿಗೆ ಕೊಳವೆ ಸುತ್ತಿಕೊಳ್ಳುವ ಸಂದು ಬಿಡಬೇಡಿ. ಗಾಜಿನ ಬಾಗಿಲು, ಮಿರುಗುವ ಸ್ಟೀಲು ಲೈಡಾರಿಗೆ ಕಾಣದಿರಬಹುದು, ಆ ಎತ್ತರದಲ್ಲಿ ಮಸುಕು ಪಟ್ಟಿ ಅಂಟಿಸಿ.

ಟ್ರೇಗೆ 3 ಕೆ.ಜಿ. ಮಿತಿ ಇಡಿ. ತೆರೆದ ಲೋಟ ಬೇಡ, ಮುಚ್ಚಳವಿರುವ ಬಾಟಲಿ. ವೇಗ ಏರಿಳಿಯುವುದನ್ನು ನಯವಾಗಿ ಮಾಡಿ. ರೋಗಿ ಕಟಾಂಜನದಾಚೆ ಬಾಗಿ ಚಾಚದಂತೆ ಟ್ರೇ ಹಾಸಿಗೆಯ ಮೇಲಕ್ಕೇ ಬರಬೇಕು, ಬಾರದಿದ್ದರೆ ಏಳಲಾಗದ ರೋಗಿಗೆ ಟ್ರೇ ಬಳಸಲೇಬಾರದು.

ಬ್ಯಾಟರಿ 25.6 ವೋಲ್ಟ್ × 20, ಅಂದರೆ 512 ವ್ಯಾಟ್ ಅವರ್. ಶೇ. 80 ಬಳಸಿದರೆ 410. ಕಂಪ್ಯೂಟರ್ 25, ಪರದೆ 15, ಕ್ಯಾಮೆರಾ ಲೈಡಾರ್ ರೇಡಿಯೊ 15, ಓಟ ಸರಾಸರಿ 15 ವ್ಯಾಟ್ ಎಂದು ಹಿಡಿದರೆ ಸುಮಾರು ಆರು ಗಂಟೆ. ಎಂಟು ಗಂಟೆಯ ಪಾಳಿಗೆ ಬರುವುದಿಲ್ಲ. ಬ್ಯಾಟರಿ ದೊಡ್ಡದು ಮಾಡುವುದಕ್ಕಿಂತ, ಬಿಡುವಾದಾಗಲೆಲ್ಲ ಡಾಕ್‌ಗೆ ಹೋಗಿ ಪರದೆ ಆರಿಸಿ ಕೂರುವ ಹಾಗೆ ಮಾಡುವುದು ಸುಲಭ. ಡಾಕನ್ನು ಗೋಡೆಯ ಆಕ್ಸಿಜನ್ ಔಟ್‌ಲೆಟ್‌ನಿಂದ ದೂರವಿಡಿ, ಅಲ್ಲಿ ಕಿಡಿ ಹಾರುವ ಯಾವುದೂ ಇರಬಾರದು.


ವಾರ್ಡ್‌ಬಂಡಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೈ ಕೈಬಿಟ್ಟೆವು, ವೆಬ್‌ಸಾಕೆಟ್ ತೆಗೆಯುತ್ತೇವೆ, ತೂಕ 35ಕ್ಕೆ ಏರಿಸುತ್ತೇವೆ. ಆರು ಕೋಣೆಗೆ ಒಂದೇ ರೋಬೊ, ಕೋಣೆ ಬದಲಿಸುವಾಗ ಯುವಿ-ಸಿ ದೀಪದ ಕೆಳಗೆ ಐದು ನಿಮಿಷ ನಿಲ್ಲಿಸುವುದು ಎಂದು ಒಂದು ಯೋಚನೆ ಬಂದಿದೆ. ನಡೆಯುತ್ತದೆಯೇ?


ಒರೆಸುಬಟ್ಟೆ:

ನಡೆಯುವುದಿಲ್ಲ. 254 ನ್ಯಾನೊಮೀಟರ್ ಯುವಿ-ಸಿ ನೇರ ಬಿದ್ದ ಕಡೆ ಮಾತ್ರ ಕೆಲಸ ಮಾಡುತ್ತದೆ. ಟ್ರೇಯ ಅಡಿ, ಗಾಲಿಯ ಸಂದು, ಕಂಬದ ಹಿಂಬದಿ ಎಲ್ಲ ನೆರಳು. ಧೂಳು, ಜಿಡ್ಡು, ಕಫದ ಪೊರೆ ಇದ್ದರೆ ಅದರ ಕೆಳಗೂ ತಲುಪದು. ಮೇಲಾಗಿ ಪ್ಲಾಸ್ಟಿಕ್ಕು, ರಬ್ಬರು ಬೇಗ ಹಳದಿಯಾಗಿ ಬಿರಿಯುತ್ತವೆ. ಒರೆಸಿದ ಮೇಲೆ ಹೆಚ್ಚುವರಿ ಭದ್ರತೆಗೆ ಬೇಕಿದ್ದರೆ ಇರಲಿ, ಒರೆಸುವುದಕ್ಕೆ ಬದಲಾಗಿ ಅಲ್ಲ.

ಅದಕ್ಕಿಂತ ಮುಖ್ಯ, ರೋಬೊ ಕೋಣೆಯಿಂದ ಕೋಣೆಗೆ ತಿರುಗಿದಷ್ಟೂ ಬಾಗಿಲು ತೆರೆಯುತ್ತದೆ. ನೆಗೆಟಿವ್ ಪ್ರೆಷರ್ ಅಂದರೆ ಒಳಗೂ ಹೊರಗೂ ಕೇವಲ 2.5 ಪ್ಯಾಸ್ಕಲ್ ಆಸುಪಾಸಿನ ವ್ಯತ್ಯಾಸ. ಬಾಗಿಲು ತೆರೆದ ಕೂಡಲೇ ಅದು ಕುಸಿಯುತ್ತದೆ. ಮುಂಗೋಣೆಯ ಎರಡು ಬಾಗಿಲು ಒಟ್ಟಿಗೆ ತೆರೆಯದಂತೆ ಇಂಟರ್‌ಲಾಕ್ ಇದ್ದರೆ, ನಿಧಾನದ ರೋಬೊ ನಡುವೆ ಸಿಕ್ಕಿಕೊಂಡು ನರ್ಸ್‌ಗೇ ದಾರಿಯಿಲ್ಲದಂತಾಗುತ್ತದೆ. ಬಾಗಿಲು ಮುಚ್ಚಿರಲಿ ಎಂದೇ ರೋಬೊ ತಂದಿದ್ದು, ಅದೇ ಬಾಗಿಲು ತೆರೆಯುತ್ತಾ ಕೂತರೆ ಏನು ಚಂದ? ಒಂದು ಕೋಣೆಗೆ ಒಂದು, ಒಳಗೇ ಡಾಕ್, ರೋಗಿ ಹೊರಡುವವರೆಗೆ ಹೊರಗೆ ಬರಕೂಡದು. ಆರು ಮಾಡಲು ಆಗದಿದ್ದರೆ ಅತಿ ಹೆಚ್ಚು ಪ್ರವೇಶ ಇರುವ ಕೋಣೆಗೆ ಗಾಲಿಯದ್ದು, ಉಳಿದವಕ್ಕೆ ಗೋಡೆಗೆ ಜೂಮ್ ಕ್ಯಾಮೆರಾ, ಮೈಕು, ಸ್ಪೀಕರು. ಟ್ರೇಗೆ ಬರುವ ಸಾಮಾನು ಹೇಗೆ ಎಂದರೆ, ಗೋಡೆಯಲ್ಲಿ ಎರಡು ಬಾಗಿಲಿನ ಪಾಸ್‌ಬಾಕ್ಸ್ ಇದ್ದರೆ ಸರಿ, ಇಲ್ಲವಾದರೆ ನರ್ಸ್ ಒಳಗೆ ಹೋದಾಗಲೇ ಮುಂದಿನ ನಾಲ್ಕು ಗಂಟೆಯ ನೀರಿನ ಬಾಟಲಿ, ಟಿಶ್ಯೂ, ಚಾರ್ಜರ್ ಟ್ರೇಯಲ್ಲಿ ಇಟ್ಟು ಬರಲಿ.

ಒರೆಸುವ ಕ್ರಮ: ಮೊದಲು ಡಿಟರ್ಜೆಂಟ್ ನೀರಲ್ಲಿ ಕೊಳೆ ತೆಗೆಯಬೇಕು, ಕೊಳೆಯ ಮೇಲೆ ಹಾಕಿದ ಕ್ಲೋರಿನ್ ಕೊಳೆಯ ಜೊತೆಗೇ ಕಾದಾಡಿ ಮುಗಿಯುತ್ತದೆ. ಆಮೇಲೆ 0.1% ಸೋಡಿಯಂ ಹೈಪೋಕ್ಲೋರೈಟ್. 5% ದ್ರಾವಣ ಇದ್ದರೆ 20 ಮಿ.ಲೀ.ಗೆ 980 ಮಿ.ಲೀ. ನೀರು. ರಕ್ತ, ವಾಂತಿ ಚೆಲ್ಲಿದ ಕಡೆಗೆ 0.5%, ಅಂದರೆ 100ಕ್ಕೆ 900. ದಿನಾ ಹೊಸದಾಗಿ ಕಲಸಿ. ಆಮ್ಲ ಅಥವಾ ಅಮೋನಿಯಾ ಇರುವ ಕ್ಲೀನರ್ ಜೊತೆ ಅಪ್ಪಿತಪ್ಪಿಯೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಪರದೆಯಿಂದ ಶುರುಮಾಡಿ ಮೇಲಿಂದ ಕೆಳಕ್ಕೆ, ಗಾಲಿ ಕೊನೆಗೆ, ಗಾಲಿಗೆ ಬಳಸಿದ ಬಟ್ಟೆ ಮತ್ತೆ ಮೇಲಕ್ಕೆ ಬರಬಾರದು. ಸೋಂಕುನಿವಾರಕದ ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಬೇಗ ಒಣಗಿದರೆ ಇನ್ನೊಮ್ಮೆ ಒರೆಸಬೇಕು. ಆಮೇಲೆ ಬರೀ ನೀರಿನ ಬಟ್ಟೆ. ಈ ಕೊನೆಯ ಹೆಜ್ಜೆ ಬಿಟ್ಟಿದ್ದಕ್ಕೇ ಅಲ್ಯೂಮಿನಿಯಂ ಬಿಳಿಚಿ, ಸ್ಟೀಲಿನಲ್ಲಿ ಗುಳಿ ಬೀಳುವುದು. ಸ್ಪ್ರೇ ಎಂದಿಗೂ ಬೇಡ. ಧೂಳು, ನೀರಹನಿ ತಡೆಯುವ ಐಪಿ54 ದರ್ಜೆ ಎಂದು ಬರೆದಿದ್ದರೂ ಸ್ಪ್ರೇ ಕನೆಕ್ಟರಿನ ಸಂದಿಗೆ ಹೋಗುವ ದಾರಿ ಹುಡುಕಿಕೊಳ್ಳುತ್ತದೆ.

ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ (ಭೇದಿ ತರುವ ಬ್ಯಾಕ್ಟೀರಿಯಾ) ಸೋಂಕಿನ ರೋಗಿ ಬಂದರೆ ಆಲ್ಕೋಹಾಲ್ ಒರೆಸುಬಟ್ಟೆ ಸ್ಪೋರ್‌ಗಳ ಮೇಲೆ ಏನೂ ಮಾಡದು, ಕ್ಲೋರಿನ್ನೇ ಗತಿ. ಹಾಗಾಗಿ ರೋಬೊದ ಮೈ ಕ್ಲೋರಿನ್ ತಾಳುವಂತೆಯೇ ಶುರುವಿನಿಂದ ಆರಿಸಿ. ಅಕ್ರಿಲಿಕ್ ಬೇಡ, ಆಲ್ಕೋಹಾಲ್ ತಾಗಿದರೆ ಕೂದಲೆಳೆ ಬಿರುಕು ಬಿಡುತ್ತದೆ. ಪರದೆಯ ಮುಂದೆ ಟಫನ್ಡ್ ಗಾಜು. ಫ್ಯಾನ್ ಇರಕೂಡದು, ಅದು ಕೋಣೆಯ ಗಾಳಿಯನ್ನೆಲ್ಲ ಒಳಗೆಳೆದು ಒರೆಸಲಾಗದ ಜಾಗದಲ್ಲಿ ಕೂಡಿಡುತ್ತದೆ. ಬಿಸಿಯನ್ನು ತಳದ ಉಕ್ಕಿಗೆ ಬಿಡಿ. ಸ್ಕ್ರೂ ತಲೆ, ವೆಲ್ಕ್ರೊ, ಬಟ್ಟೆ, ತೆರೆದ ಕೇಬಲ್ ಯಾವುದೂ ಹೊರಗೆ ಬೇಡ. ಚಾರ್ಜಿಂಗ್ ಕಾಂಟ್ಯಾಕ್ಟ್‌ಗಳು ಬ್ಲೀಚಿಗೆ ಹಸಿರುಗಟ್ಟುತ್ತವೆ, ಚಿನ್ನದ ಲೇಪ ಇರಲಿ, ಡಾಕ್‌ನಲ್ಲಿ ಇಲ್ಲದಾಗ ಅವುಗಳಲ್ಲಿ ವೋಲ್ಟೇಜ್ ಇರಬಾರದು. ಕ್ಯಾಸ್ಟರ್ ಅಚ್ಚಿಗೆ ಸುತ್ತಿಕೊಂಡ ಕೂದಲು ಇದೆಯಲ್ಲ, ಇಡೀ ರೋಬೊದಲ್ಲಿ ಅತಿ ಹೊಲಸು ಜಾಗ ಅದೇ. ಗ್ಲೌಸ್ ಕೈಯಲ್ಲಿ ಕಿತ್ತು ಹೊಸದು ಹಾಕುವಂತಿರಲಿ.

ರೋಬೊ ಒಳಗೇ ಕೆಟ್ಟರೆ ರಿಪೇರಿಗೆ ಆತುರ ಬೇಡ. ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆಯಲ್ಲಿ, ರೋಗಿ ಹೊರಟ ಮೇಲೆ ಗಾಳಿಯಲ್ಲಿರುವುದರ ಶೇ. 99.9ರಷ್ಟು ಹೋಗಲು 35 ನಿಮಿಷ ಬೇಕು. ಅದಾದ ಮೇಲೆ ಒರೆಸಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ.


ಪಿಂಗ್‌ಪುರಾಣ:

ಕೋಣೆಗೊಂದು ರೋಬೊ ಅಂದಮೇಲೆ ಇನ್ನೆರಡು ಮಾತು. ಕಂಪ್ಯೂಟರ್ ಹ್ಯಾಂಗ್ ಆದರೆ ಗುಂಡಿ ಒತ್ತಲು ಯಾರೂ ಒಳಗೆ ಹೋಗಬಾರದು, ಅದರ ಕರೆಂಟನ್ನೇ ಕಡಿದು ಕೊಡುವ ಪ್ರತ್ಯೇಕ ಚಿಕ್ಕ ವಾಚ್‌ಡಾಗ್ ಬೋರ್ಡ್ ಹಾಕಿ. ಓಡಿಸುವ ಹಕ್ಕು ಒಮ್ಮೆಗೆ ಒಬ್ಬರಿಗೆ ಮಾತ್ರ. ಇನ್ನೊಬ್ಬರು ತೆರೆದರೆ ನೋಡಬಹುದು, ‘ನನಗೆ ಬಿಡಿ’ ಎಂದು ಕೇಳಬಹುದು, ಕಸಿದುಕೊಳ್ಳುವಂತಿಲ್ಲ. ಯಾರು ಯಾವಾಗ ಓಡಿಸಿದರೆಂದು ದಾಖಲಾಗಲಿ, ವಿಡಿಯೊ ದಾಖಲಾಗುವುದು ಬೇಡ. ಪಾಸ್‌ವರ್ಡ್ ಎಲ್ಲರಿಗೂ ಒಂದೇ ಇಡಬೇಡಿ, ಪ್ರತಿ ರೋಬೊಗೂ ಅದರದೇ ಸರ್ಟಿಫಿಕೇಟ್, ಬೇರೆ ವಿಲ್ಯಾನ್ (ಅದೇ ಜಾಲದಲ್ಲಿ ಬೇರ್ಪಡಿಸಿದ ಭಾಗ), ಹೊರಗಿನಿಂದ ಒಳಗೆ ಯಾವ ಪೋರ್ಟೂ ತೆರೆದಿರಬಾರದು.


ಮೂರನೇಪಾಳಿ:

ಕ್ಯಾಮೆರಾ ಕೋಣೆಯೊಳಗೇ ಹಗಲೂ ರಾತ್ರಿ ಇರುವುದರಿಂದ ಇದನ್ನೂ ಸೇರಿಸಿ. ಡಾಕ್‌ನಲ್ಲಿರುವಾಗ ಕಣ್ಣು ಗೋಡೆ ಕಡೆ, ಲೆನ್ಸಿನ ಮೇಲೆ ರೋಗಿಗೆ ಕಾಣುವಂಥ ಮುಚ್ಚಳ. ತೆರೆಯುವ ಮೊದಲು ಬಾಗಿಲು ತಟ್ಟಿದ ಸದ್ದು, ನರ್ಸ್ ದನಿಯಲ್ಲಿ ಹೆಸರು ಹೇಳಿ ‘ಬರಲೇ?’ ಎಂದು ಕೇಳುವುದು, ಐದು ಸೆಕೆಂಡ್ ಕಾಯುವುದು. ಅಲಾರಂ ಬಂದಾಗ ಮಾತ್ರ ಈ ಕಾಯುವಿಕೆಗೆ ವಿನಾಯಿತಿ, ಆ ನಿಯಮವನ್ನು ರೋಗಿಗೆ ಮೊದಲ ದಿನವೇ ಹೇಳಿರಬೇಕು.

ವಾರ್ಡಿಗೆ ಕೊಡುವ ಮುಂಚೆ ಖಾಲಿ ಕೋಣೆಯಲ್ಲಿ ಪರೀಕ್ಷೆ ಮಾಡಿ. ಹಾಸಿಗೆ, ಐವಿ ಸ್ಟ್ಯಾಂಡ್, ನೆಲದಲ್ಲಿ ಒಂದು ವೈರು. ಕೊಳವೆಯ ತುದಿಯನ್ನು ರೋಗಿಯ ಬದಲು ಹಾಸಿಗೆಯ ಮೇಲಿಟ್ಟ ಖಾಲಿ ಪ್ಲಾಸ್ಟಿಕ್ ಲೋಟಕ್ಕೆ ಟೇಪ್ ಹಾಕಿ ಅಂಟಿಸಿ. ಎಂದೂ ರೋಬೊ ಓಡಿಸದ ಐದು ನರ್ಸ್‌ಗಳಿಗೆ ಹತ್ತು ನಿಮಿಷ ಹೇಳಿಕೊಟ್ಟು, ದೀಪ ಆರಿಸಿ, ಡಾಕ್‌ನಿಂದ ಹೋಗಿ ಪಂಪಿನ ವೇಗ ಓದಿ ಮರಳಿ ಬರಲು ಹೇಳಿ. ಅವರಿಗೆ ಹೇಳದೆ ನಡುವೆ ಒಂದು ಸಲ ಆಕ್ಸೆಸ್ ಪಾಯಿಂಟ್ ಆರಿಸಿ. ಅಂಕಿ ಒಬ್ಬರು ತಪ್ಪು ಓದಿದರೂ, ಲೋಟ ಒಂದು ಸಲ ಕೆಳಗೆ ಬಿದ್ದರೂ ರೋಬೊ ಇನ್ನೂ ತಯಾರಾಗಿಲ್ಲ.